ಆರೈಕೆ ಮಾಡುವವರನ್ನು ಆರೈಕೆ ಮಾಡುವವರಾರು?

ವೃದ್ಧರ ಸೇವೆಯ ಮಹತ್ವದ ಕುರಿತು ನಮ್ಮಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಮುಪ್ಪಿನ ತಂದೆ-ತಾಯಿಯರೊಡನೆ ಮೃದುವಾಗಿ ವರ್ತಿಸಬೇಕು, ಅವರ ಮನ ನೋಯಿಸಬಾರದು ಎಂಬುದು ನಾವೆಲ್ಲ ಚಿಕ್ಕಂದಿನಿಂದಲೂ ಕೇಳಿ ಬೆಳೆದ ಬೋಧನೆ. ಇದನ್ನು ಒಪ್ಪದ ಧರ್ಮವಿಲ್ಲ, ಒಪ್ಪದ ಸಮಾಜವೂ ಇಲ್ಲ. ಆದರೆ ಈ ಸೇವೆಗೆ ಒಂದು ದೈಹಿಕ ಮುಖವಿದೆ. ಹಾಸಿಗೆ ಹಿಡಿದ ವೃದ್ಧರನ್ನು ನಡುರಾತ್ರಿಯಲ್ಲಿ ಮಗ್ಗುಲು ಬದಲಿಸಿ ಮಲಗಿಸಬೇಕು. ಒದ್ದೆಯಾದ ಹೊದಿಕೆಯನ್ನು ತೆಗೆದು ಮೈ ಒರೆಸಬೇಕು. ನುಂಗಲಾರದ ಬಾಯಿಗೆ ತಾಳ್ಮೆಯಿಂದ ಗಂಜಿ ಕುಡಿಸಬೇಕು. ಮರೆವಿನ ಕಾಯಿಲೆಯವರು ಒಂದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದಾಗಲೂ ಮೊದಲ ಸಲದ ದನಿಯಲ್ಲಿಯೇ ಉತ್ತರಿಸಬೇಕು. ಈ ಕೆಲಸವನ್ನು ಮಾಡುವ ಕೈಗಳು ಯಾರವು? ಆ ಕೈಗಳು ದಣಿದಾಗ ಏನಾಗುತ್ತದೆ? ಇತಿಹಾಸವು ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ವೃದ್ಧರ ಶುಶ್ರೂಷೆಯು ಒಂದು ಪ್ರತ್ಯೇಕ ವಿದ್ಯೆಯಾಗಿ ರೂಪುಗೊಂಡ ಬ್ರಿಟನ್ನಿನ ಚರಿತ್ರೆಯನ್ನು ಆ ಕಣ್ಣಿನಿಂದ ನಾವು ನೋಡೋಣ.

1834ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಬಡವರ ಕಾನೂನು ಜಾರಿಗೆ ಬಂತು. ಅದರ ಪ್ರಕಾರ ದುಡಿಯಲಾರದ, ಗತಿಯಿಲ್ಲದ ಬಡವರು ಆಶ್ರಯ ಪಡೆಯಬೇಕಾದರೆ ‘ವರ್ಕ್‌ಹೌಸ್’ ಎಂಬ ಬಡವರ ಮನೆಗಳನ್ನು ಸೇರಬೇಕಿತ್ತು. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತಲೂ ಕೀಳಾಗಿರಬೇಕು, ಆಗ ಮಾತ್ರ ಸೋಮಾರಿಗಳು ಅತ್ತ ಸುಳಿಯುವುದಿಲ್ಲ ಎಂಬುದು ಆ ವ್ಯವಸ್ಥೆಯನ್ನು ರೂಪಿಸಿದವರ ಲೆಕ್ಕಾಚಾರ. ಆದರೆ ವರ್ಷಗಳು ಕಳೆದಂತೆ ಆ ಮನೆಗಳನ್ನು ತುಂಬಿದವರು ಸೋಮಾರಿಗಳಲ್ಲ. ಮುದುಕರು, ರೋಗಿಗಳು, ಪಾರ್ಶ್ವವಾಯು ಪೀಡಿತರು, ಬುದ್ಧಿ ಮಂಕಾದವರು, ನೋಡಿಕೊಳ್ಳುವವರಿಲ್ಲದವರು ಅಲ್ಲಿ ಬಂದು ಬಿದ್ದರು. ಸೋಮಾರಿಗಳನ್ನು ಹೆದರಿಸಲು ಕಟ್ಟಿದ ಗೋಡೆಗಳ ನಡುವೆ ವೃದ್ಧರು ಸತ್ತರು.

ಅವರ ಶುಶ್ರೂಷೆಯನ್ನು ಮಾಡುತ್ತಿದ್ದವರು ಯಾರು? ಅದೇ ಬಡವರ ಮನೆಯಲ್ಲಿದ್ದ ಇತರ ನಿರ್ಗತಿಕ ಹೆಂಗಸರು. ಅವರಲ್ಲಿ ಹಲವರು ತಾವೇ ವಯಸ್ಸಾದವರು, ದುರ್ಬಲರು. ಅವರಿಗೆ ತರಬೇತಿಯಿರಲಿಲ್ಲ, ಸರಿಯಾದ ಸಂಬಳವಿರಲಿಲ್ಲ. ಒಂದಿಷ್ಟು ಹೆಚ್ಚಿನ ಆಹಾರವೋ ಬಿಯರೋ ಅವರ ಪ್ರತಿಫಲವಾಗಿತ್ತು. ಅವರು ಕುಡಿಯುತ್ತಿದ್ದರು, ರೋಗಿಗಳನ್ನು ಅಲಕ್ಷಿಸುತ್ತಿದ್ದರು ಎಂದು ಅಂದಿನ ಸುಧಾರಕರು ದೂರಿದ್ದಾರೆ. ದೂರಿನಲ್ಲಿ ಸತ್ಯವಿರಬಹುದು. ಆದರೆ ಯಾವ ಗೌರವವೂ, ಯಾವ ಕಲಿಕೆಯೂ, ಯಾವ ವಿಶ್ರಾಂತಿಯೂ ಇಲ್ಲದವರ ಕೈಗೆ ಸಾಯುವವರನ್ನು ಒಪ್ಪಿಸಿದ ಸಮಾಜವು ಅವರಿಂದ ಬೇರೇನನ್ನು ನಿರೀಕ್ಷಿಸಲು ಸಾಧ್ಯವಿತ್ತು?

ಬದಲಾವಣೆಯ ಮೊದಲ ಹೆಜ್ಜೆಯನ್ನು ಲಿವರ್‌ಪೂಲ್ ನಗರದಲ್ಲಿ ಕಾಣುತ್ತೇವೆ. ಅಲ್ಲಿನ ವರ್ತಕ ವಿಲಿಯಂ ರಾತ್‌ಬೋನ್ ತನ್ನ ಹಣದಿಂದ ವೆಚ್ಚ ಭರಿಸುವುದಾಗಿ ಹೇಳಿ, ಬ್ರೌನ್‌ಲೋ ಹಿಲ್ ಬಡವರ ಮನೆಯ ಆಸ್ಪತ್ರೆಗೆ ತರಬೇತಾದ ದಾದಿಯರನ್ನು ಕಳುಹಿಸಬೇಕೆಂದು ಫ್ಲಾರೆನ್ಸ್ ನೈಟಿಂಗೇಲರನ್ನು ಕೋರಿದ. 1865ರಲ್ಲಿ ಆಗ್ನೆಸ್ ಜೋನ್ಸ್ ಎಂಬ ಮಹಿಳೆ ಮೇಲ್ವಿಚಾರಕಿಯಾಗಿ ಬಂದರು. ಅವರೊಂದಿಗೆ ತರಬೇತಾದ ಹನ್ನೆರಡು ಮಂದಿ ದಾದಿಯರು. ರೋಗಿಗಳ ಸಂಖ್ಯೆಯೋ ಸಾವಿರಕ್ಕೂ ಮಿಗಿಲು. ಆಗ್ನೆಸ್ ಬೆಳಗಿನ ಜಾವದಿಂದ ತಡರಾತ್ರಿಯವರೆಗೆ ದುಡಿದರು. ವಾರ್ಡುಗಳು ಶುಚಿಯಾದವು, ಶಿಸ್ತು ಮೂಡಿತು. ಮೂರೇ ವರ್ಷಗಳಲ್ಲಿ, 1868ರಲ್ಲಿ, ಟೈಫಸ್ ಜ್ವರ ತಗಲಿ ಅವರು ತೀರಿಕೊಂಡರು. ಆಗ ಅವರಿಗೆ 35 ವರ್ಷ.

ಇಂತಹ ಮರಣವನ್ನು ‘ತ್ಯಾಗ’ ಎಂದು ಕೊಂಡಾಡಿ ಮುಂದೆ ಸಾಗುವುದು ಸುಲಭ. ಜಗತ್ತು ಹಾಗೆಯೇ ಮಾಡಿತು. ಅವರ ತ್ಯಾಗವನ್ನು ನಾವೂ ಗೌರವಿಸುತ್ತೇವೆ. ಆದರೆ ಸಾವಿರ ಮಂದಿಯ ಭಾರವು ಒಬ್ಬರ ಹೆಗಲ ಮೇಲೆ ಯಾಕೆ ಬಿತ್ತು ಎಂದು ಕೇಳದಿದ್ದರೆ ನಾವು ಆ ತ್ಯಾಗಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಸೇವಕರು ಸಾಯುವವರೆಗೆ ದುಡಿಯುವುದನ್ನು ಹೊಗಳುವ ಸಮಾಜವು ಎರಡನೆಯ ಸೇವಕರನ್ನು ನೇಮಿಸುವುದನ್ನು ಮುಂದೂಡುತ್ತದೆ. ನಿರ್ಗತಿಕರಿಂದಲೇ ಶುಶ್ರೂಷೆ ಮಾಡಿಸುವುದನ್ನು ಬ್ರಿಟಿಷ್ ಸರಕಾರವು ಆದೇಶದ ಮೂಲಕ ನಿಷೇಧಿಸಿದ್ದು 1897ರಲ್ಲಿ. ಅಂದರೆ ಆಗ್ನೆಸ್ ತೀರಿಕೊಂಡು 29 ವರ್ಷಗಳ ನಂತರ.

ಮುಂದಿನ ಮುಖ್ಯ ಘಟ್ಟ 1935ರದ್ದು. ಅದಕ್ಕೆ ಮೊದಲೇ, 1929ರ ಸ್ಥಳೀಯಾಡಳಿತ ಕಾನೂನಿನಿಂದಾಗಿ ಬಡವರ ಮನೆಗಳು ಸ್ಥಳೀಯ ಆಡಳಿತಗಳ ಕೈಗೆ ಬಂದಿದ್ದವು. ಲಂಡನ್ನಿನ ಪಶ್ಚಿಮಕ್ಕಿರುವ ಐಸಲ್‌ವರ್ತ್‌ನಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ತನ್ನ ಪಕ್ಕದ ಬಡವರ ಮನೆಯ ರೋಗಿಗಳನ್ನು ವಹಿಸಿಕೊಂಡಿತು. ಅಲ್ಲಿ 714 ಮಂದಿ ಇದ್ದರು. ಅವರ ಹೊಣೆ ಮಾರ್ಜರಿ ವಾರನ್ ಎಂಬ ವೈದ್ಯೆಯ ಪಾಲಿಗೆ ಬಂತು. ‘ದೀರ್ಘಕಾಲದ ರೋಗಿಗಳು’ ಎಂಬ ಒಂದೇ ಹಣೆಪಟ್ಟಿಯಡಿ ವರ್ಷಗಟ್ಟಲೆ ಮಲಗಿದ್ದ ಅವರಲ್ಲಿ ಯಾರಿಗೆ ಏನಾಗಿದೆ ಎಂಬುದನ್ನು ಸರಿಯಾಗಿ ಪರೀಕ್ಷಿಸಿದವರೇ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿಸಿಡುವುದೇ ಆರೈಕೆ ಎಂದು ಎಲ್ಲರೂ ನಂಬಿದ್ದರು.

ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ಚೇತರಿಸಬಲ್ಲವರು, ಸ್ವಲ್ಪ ನೆರವಿನಿಂದ ನಡೆಯಬಲ್ಲವರು, ಕೊನೆಯವರೆಗೂ ಶುಶ್ರೂಷೆ ಬೇಕಾದವರು ಎಂದು ವಿಂಗಡಿಸಿದರು. ಮಂಕಾದ ಗೋಡೆಗಳಿಗೆ ತಿಳಿ ಬಣ್ಣ ಬಂತು, ಬೆಳಕು ಹೆಚ್ಚಿತು, ಹಾಸಿಗೆಗಳು ಸುಧಾರಿಸಿದವು, ಹಿಡಿದು ನಡೆಯಲು ಸರಳುಗಳು ಬಂದವು. ಇದೆಲ್ಲಕ್ಕಿಂತ ಮುಖ್ಯವಾಗಿ ವೈದ್ಯರು, ದಾದಿಯರು, ಅಂಗಸಾಧನೆ ಕಲಿಸುವವರು, ಕೈಕೆಲಸ ಕಲಿಸುವವರು, ಮನೆಯ ಸ್ಥಿತಿಗತಿ ವಿಚಾರಿಸುವ ಸಮಾಜ ಕಾರ್ಯಕರ್ತರು ಒಂದೇ ರೋಗಿಯ ಸುತ್ತ ಒಂದೇ ಗುರಿಯಿಟ್ಟು ಕೆಲಸ ಮಾಡಬೇಕೆಂದು ಅವರು ಪಟ್ಟು ಹಿಡಿದರು. ವರ್ಷಗಳಿಂದ ಮಲಗಿದ್ದವರು ಎದ್ದು ಕುಳಿತರು. ಕೆಲವರು ಮನೆಗೆ ಮರಳಿದರು. ಕಾಲಕ್ರಮೇಣ ಆ 714 ಹಾಸಿಗೆಗಳ ಅಗತ್ಯ ಸುಮಾರು 240ಕ್ಕೆ ಇಳಿಯಿತು. 1943 ಮತ್ತು 1946ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ಅವರು ಬರೆದ ಲೇಖನಗಳು ವೃದ್ಧರ ವೈದ್ಯಶಾಸ್ತ್ರಕ್ಕೆ ಬುನಾದಿಯಾದವು. 1948ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಆ ವಿಭಾಗಕ್ಕೆ ಸ್ಥಾನ ದೊರೆಯಿತು.

ಇದರಲ್ಲಿ ದಾದಿಯರಿಗೇನು ಲಾಭವಾಯಿತು ಎಂದು ಯಾರಾದರೂ ಕೇಳಬಹುದು. ಎಷ್ಟು ದುಡಿದರೂ ಯಾರೂ ಗುಣವಾಗದ, ಸಾವಿನ ಹೊರತು ಯಾರೂ ಹೊರಹೋಗದ ವಾರ್ಡಿನಲ್ಲಿ ಪ್ರತಿ ದಿನ ಬೆಳಗ್ಗೆ ಕಾಲಿಡುವವರ ಮನಸ್ಸನ್ನು ಒಮ್ಮೆ ಊಹಿಸಿ ನೋಡಿ. ಅಲ್ಲಿ ದೇಹಕ್ಕಿಂತ ಮೊದಲು ಆಸೆ ದಣಿಯುತ್ತದೆ. ಗುರಿಯೊಂದು ಕಾಣಿಸಿದಾಗ, ತನ್ನ ಕೆಲಸದಿಂದ ಒಬ್ಬ ಮುದುಕಿ ನಾಲ್ಕು ಹೆಜ್ಜೆ ನಡೆದದ್ದನ್ನು ಕಂಡಾಗ, ಅದೇ ಕೆಲಸಕ್ಕೆ ಅರ್ಥ ಬರುತ್ತದೆ. ಸಿಬ್ಬಂದಿಯ ಕ್ಷೇಮವೆಂದರೆ ಬರೀ ರಜೆ, ಸಂಬಳಗಳ ಮಾತಲ್ಲ. ತಾನು ಮಾಡುವುದರಿಂದ ಫಲವಿದೆ ಎಂಬ ಭರವಸೆಯೂ ಅದರ ಭಾಗ.

1962ರಲ್ಲಿ ಡೊರೀನ್ ನಾರ್ಟನ್ ಎಂಬ ದಾದಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಆಸ್ಪತ್ರೆಯಲ್ಲಿನ ವೃದ್ಧರ ಶುಶ್ರೂಷೆಯ ಸಮಸ್ಯೆಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಹಾಸಿಗೆ ಹುಣ್ಣು ಅದರ ಮುಖ್ಯ ವಿಷಯ. ಅಂದು ದಾದಿಯರು ರೋಗಿಯ ಬೆನ್ನಿಗೆ ಬಗೆಬಗೆಯ ಮುಲಾಮು, ದ್ರಾವಣಗಳನ್ನು ಹಚ್ಚಿ ತಿಕ್ಕುತ್ತಿದ್ದರು. ಹುಣ್ಣನ್ನು ತಡೆಯುವುದು ಮುಲಾಮಲ್ಲ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಒತ್ತಡ ತಗ್ಗಿಸುವುದು ಎಂದು ಈ ಅಧ್ಯಯನ ಒತ್ತಿ ಹೇಳಿತು. ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂದು ಮೊದಲೇ ಗುರುತಿಸಲು ಅವರು ಒಂದು ಸರಳ ಅಳತೆಯನ್ನು ಕೊಟ್ಟರು. ದೈಹಿಕ ಸ್ಥಿತಿ, ಮಾನಸಿಕ ಸ್ಥಿತಿ, ನಡೆದಾಟ, ಅಂಗಗಳ ಚಲನೆ, ಮಲಮೂತ್ರದ ಹಿಡಿತ ಎಂಬ ಐದು ವಿಷಯಗಳಿಗೆ 1ರಿಂದ 4ರವರೆಗೆ ಅಂಕ. ಒಟ್ಟು 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆಯೆಂದು ಅರ್ಥ. ‘ನಾರ್ಟನ್ ಮಾಪಕ’ ಎಂಬ ಹೆಸರಿನ ಇದನ್ನು ಇಂದಿಗೂ ಜಗತ್ತಿನ ಹಲವೆಡೆ ಬಳಸುತ್ತಾರೆ.

ಈ ಸರಳ ಮಾಪಕದಲ್ಲಿ ಸಹಕಾರದ ದೊಡ್ಡ ಪಾಠವೊಂದು ಅಡಗಿದೆ. ಹಗಲು ಪಾಳಿಯವರು ತಪ್ಪದೆ ಮಗ್ಗುಲು ಬದಲಿಸಿ, ರಾತ್ರಿ ಪಾಳಿಯವರು ಅದನ್ನು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಚರ್ಮ ಕೆಂಪಾಗಿರುತ್ತದೆ. ಹತ್ತು ಮಂದಿ ಸರಿಯಾಗಿ ಮಾಡಿದ ಕೆಲಸ ಒಬ್ಬರು ಬಿಟ್ಟರೆ ವ್ಯರ್ಥವಾಗುತ್ತದೆ. ಪಾಳಿ ಬದಲಾಗುವಾಗ ಹೇಳಬೇಕಾದ ಒಂದು ಮಾತನ್ನು ಹೇಳದಿದ್ದರೆ ಅದರ ಬೆಲೆಯನ್ನು ತೆರುವುದು ಮಾತನಾಡಲಾರದ ಒಬ್ಬ ವೃದ್ಧನ ಬೆನ್ನು. ಹಾಗೆಯೇ, ರಾತ್ರಿ ಪಾಳಿಯಲ್ಲಿ ನಲವತ್ತು ಹಾಸಿಗೆಗೆ ಒಬ್ಬರೇ ಇದ್ದರೆ, ಅವರೆಷ್ಟೇ ಕರುಣಾಮಯಿಗಳಾಗಿದ್ದರೂ ಭಾರವಾದ ದೇಹವನ್ನು ಒಬ್ಬಂಟಿಯಾಗಿ ಹೊರಳಿಸಲಾರರು. ಹೊರಳಿಸಿದರೆ ತಮ್ಮ ಸೊಂಟವನ್ನೇ ಮುರಿದುಕೊಳ್ಳುತ್ತಾರೆ. ಇಲ್ಲಿ ಕರುಣೆಯೊಂದೇ ಸಾಲದು; ಜೊತೆಗೆ ಇನ್ನೊಂದು ಜೊತೆ ಕೈ ಬೇಕು.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಇಸಬೆಲ್ ಮೆನ್ಜೀಸ್ ಎಂಬ ಮನೋವಿಶ್ಲೇಷಕಿ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ದಾದಿಯರನ್ನು ಅಧ್ಯಯನ ಮಾಡುತ್ತಿದ್ದರು. ಅವರ ವರದಿ 1959-60ರ ಸುಮಾರಿಗೆ ಪ್ರಕಟವಾಯಿತು. ಅಲ್ಲಿ ಕಲಿಯಲು ಬಂದ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೆಯ ಒಂದು ಭಾಗ ತರಬೇತಿ ಮುಗಿಸದೆ ಹೊರಟುಹೋಗುತ್ತಿದ್ದರು. ಕಾರಣವೇನು? ನೋವು, ಸಾವು, ಅಸಹ್ಯ ಇವುಗಳನ್ನು ಪ್ರತಿದಿನ ಎದುರಿಸುವಾಗ ಮನಸ್ಸಿನಲ್ಲಿ ಏಳುವ ತಳಮಳವನ್ನು ಹತ್ತಿಕ್ಕಲು ಆಸ್ಪತ್ರೆಯು ತನಗರಿವಿಲ್ಲದೆಯೇ ಕೆಲವು ಪದ್ಧತಿಗಳನ್ನು ಕಟ್ಟಿಕೊಂಡಿತ್ತು. ಒಬ್ಬ ದಾದಿ ಒಬ್ಬ ರೋಗಿಯ ಪೂರ್ತಿ ಆರೈಕೆಯನ್ನು ಮಾಡುತ್ತಿರಲಿಲ್ಲ. ಎಲ್ಲರಿಗೂ ಒಂದೊಂದು ಸಣ್ಣ ಕೆಲಸವನ್ನು ಮಾಡಿ ಮುಂದೆ ಸಾಗುತ್ತಿದ್ದಳು. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ರೋಗದ ಹೆಸರಿನಿಂದಲೋ ಗುರುತಿಸುತ್ತಿದ್ದರು. ದಾದಿಯರನ್ನು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಬದಲಿಸುತ್ತಿದ್ದರು. ಸಣ್ಣ ನಿರ್ಧಾರಕ್ಕೂ ಮೇಲಿನವರ ಅಪ್ಪಣೆ ಬೇಕಿತ್ತು. ಅಂಟಿಕೊಳ್ಳದಿದ್ದರೆ ನೋವಿಲ್ಲ ಎಂಬುದು ಇದರ ಹಿಂದಿನ ತರ್ಕ. ಆದರೆ ಇದರಿಂದ ನೋವು ಕಡಿಮೆಯಾಗಲಿಲ್ಲ, ಕೆಲಸದ ತೃಪ್ತಿ ಮಾತ್ರ ಹೋಯಿತು ಎಂದು ಮೆನ್ಜೀಸ್ ತೋರಿಸಿದರು. ರೋಗಿಯ ಮೇಲಿನ ಮಮತೆಯಿಂದಲೇ ಈ ವೃತ್ತಿಗೆ ಬಂದವರಿಗೆ ಮಮತೆ ತೋರಿಸಲು ಅವಕಾಶವಿಲ್ಲದಾದಾಗ, ಅವರಲ್ಲಿ ಅತ್ಯುತ್ತಮರೇ ಮೊದಲು ಹೊರಟುಹೋದರು.

ಈ ಎಚ್ಚರಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಗಳಿವೆ. 1967ರಲ್ಲಿ ಬಾರ್ಬರಾ ರಾಬ್ ಎಂಬವರು ಸಂಪಾದಿಸಿದ ಪುಸ್ತಕವೊಂದು ಮಾನಸಿಕ ಆಸ್ಪತ್ರೆಗಳ ವೃದ್ಧರ ವಾರ್ಡುಗಳಲ್ಲಿ ನಡೆಯುತ್ತಿದ್ದ ಕ್ರೌರ್ಯವನ್ನು ಬಯಲಿಗೆಳೆಯಿತು. ವೃದ್ಧರ ಕನ್ನಡಕ, ಹಲ್ಲಿನ ಸೆಟ್ಟು, ಶ್ರವಣ ಸಾಧನಗಳನ್ನೂ ಕಿತ್ತಿಡಲಾಗುತ್ತಿತ್ತು. ಅದರಲ್ಲಿ ಸಾಕ್ಷಿ ನುಡಿದವರಲ್ಲಿ ದಾದಿಯರೂ ಇದ್ದರು. ಸರಕಾರಿ ವಿಚಾರಣೆಗಳು ಆ ಆರೋಪಗಳನ್ನು ಬಹುಮಟ್ಟಿಗೆ ತಳ್ಳಿಹಾಕಿದವು. ಆದರೆ ಅದೇ ವರ್ಷ ವೇಲ್ಸ್‌ನ ಕಾರ್ಡಿಫ್‌ನಲ್ಲಿರುವ ಈಲಿ ಆಸ್ಪತ್ರೆಯ ಒಬ್ಬ ಶುಶ್ರೂಷಾ ಸಹಾಯಕ ಅಲ್ಲಿನ ದುರ್ವರ್ತನೆಯನ್ನು ಪತ್ರಿಕೆಗೆ ತಿಳಿಸಿದ. ಜೆಫ್ರಿ ಹೌ ಅವರ ನೇತೃತ್ವದ ತನಿಖೆಯ ವರದಿ 1969ರಲ್ಲಿ ಹೊರಬಂದಾಗ ಕಿಕ್ಕಿರಿದ ವಾರ್ಡುಗಳು, ಸಿಬ್ಬಂದಿಯ ಕೊರತೆ, ತರಬೇತಿಯ ಅಭಾವ, ದೂರಿದವರನ್ನೇ ಕಾಡುವ ವಾತಾವರಣ ಎಲ್ಲವೂ ಬೆಳಕಿಗೆ ಬಂದವು. ನಾಲ್ಕು ದಶಕಗಳ ಬಳಿಕ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ಇದೇ ಕಥೆ ಮರುಕಳಿಸಿತು. 2005ರಿಂದ 2009ರ ನಡುವೆ ಅಲ್ಲಿ ಖರ್ಚು ಉಳಿಸಲು ಸಿಬ್ಬಂದಿಯನ್ನು ಕಡಿತಗೊಳಿಸಲಾಗಿತ್ತು. ವೃದ್ಧರು ನೀರು ಸಿಗದೆ, ಶೌಚಕ್ಕೆ ನೆರವು ಸಿಗದೆ ನರಳಿದರು. ರಾಬರ್ಟ್ ಫ್ರಾನ್ಸಿಸ್ ಅವರ 2013ರ ವರದಿ 290 ಶಿಫಾರಸುಗಳನ್ನು ಮಾಡಿತು.

ಈ ಮೂರೂ ಪ್ರಕರಣಗಳಲ್ಲಿ ತಪ್ಪು ಮಾಡಿದ ವ್ಯಕ್ತಿಗಳಿದ್ದರು. ಅವರ ಹೊಣೆಗಾರಿಕೆಯನ್ನು ಅಲ್ಲಗಳೆಯಲಾಗದು. ದಣಿವು ಕ್ರೌರ್ಯಕ್ಕೆ ಪರವಾನಗಿಯಲ್ಲ. ಆದರೆ ಒಳ್ಳೆಯವರೂ ಮೌನವಾದದ್ದು ಏಕೆಂಬುದನ್ನು ಗಮನಿಸಬೇಕು. ಸಂಖ್ಯೆಯಲ್ಲಿ ಕಡಿಮೆಯಿದ್ದವರು, ಬೆದರಿದ್ದವರು, ತಮ್ಮ ಮಾತಿಗೆ ಕಿವಿಗೊಡುವವರಿಲ್ಲ ಎಂದು ತಿಳಿದಿದ್ದವರು ನಿಧಾನವಾಗಿ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿತರು. ಕಣ್ಣು ಮುಚ್ಚಿಕೊಳ್ಳುವುದು ರೂಢಿಯಾದ ಮೇಲೆ ಕೆಟ್ಟದ್ದೇ ಸಹಜವೆನಿಸಿತು.

ಇದಕ್ಕೆ ಪರಿಹಾರ ಹುಡುಕಿದವರೂ ಇದ್ದಾರೆ. ಅಮೆರಿಕದ ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಜ್ ಶ್ವಾಸಕೋಶದ ಕ್ಯಾನ್ಸರಿನಿಂದ 1995ರಲ್ಲಿ ತೀರಿಕೊಂಡರು. ಅಸಹನೀಯವಾದುದನ್ನು ತನಗೆ ಸಹನೀಯವಾಗಿಸಿದ್ದು ಆರೈಕೆ ಮಾಡಿದವರ ಸಣ್ಣ ಸಣ್ಣ ಕರುಣೆ ಎಂದು ಕಂಡುಕೊಂಡ ಅವರು, ಆ ಕರುಣೆಯನ್ನು ಉಳಿಸಲು ಸಂಸ್ಥೆಯೊಂದಕ್ಕೆ ನಾಂದಿ ಹಾಡಿದರು. ಅದರ ಪ್ರೇರಣೆಯಿಂದ ಆಸ್ಪತ್ರೆಗಳಲ್ಲಿ ವೈದ್ಯರು, ದಾದಿಯರು, ಸ್ವಚ್ಛತಾ ಸಿಬ್ಬಂದಿ ಎಲ್ಲರೂ ಮೇಲುಕೀಳಿಲ್ಲದೆ ಕಲೆತು, ಕೆಲಸವು ತಮ್ಮ ಮನಸ್ಸಿನ ಮೇಲೆ ಮಾಡಿದ ಗಾಯಗಳ ಕುರಿತು ಮಾತನಾಡುವ ಸಭೆಗಳು ಆರಂಭವಾದವು. ಅಲ್ಲಿ ತಪ್ಪು ಹುಡುಕುವುದಿಲ್ಲ, ಉಪದೇಶ ಮಾಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ನೆದರ್ಲ್ಯಾಂಡ್ಸ್‌ನಲ್ಲಿ ಯೋಸ್ ಡೆ ಬ್ಲಾಕ್ ಎಂಬ ದಾದಿ 2006ರಲ್ಲಿ ನಾಲ್ಕು ದಾದಿಯರ ಒಂದು ತಂಡದಿಂದ ‘ಬ್ಯೂರ್ಟ್‌ಜೋರ್ಗ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಹೆಚ್ಚೆಂದರೆ ಹನ್ನೆರಡು ಮಂದಿಯ ತಂಡ, ಒಂದು ಬಡಾವಣೆಯ ಹೊಣೆ, ತಲೆಯ ಮೇಲೆ ಮೇಲಧಿಕಾರಿಯಿಲ್ಲ. ಯಾರ ಮನೆಗೆ ಯಾವಾಗ ಯಾರು ಹೋಗಬೇಕೆಂದು ತಂಡವೇ ತೀರ್ಮಾನಿಸುತ್ತದೆ. ಹೀಗೆ ವೃದ್ಧರಿಗೆ ಪರಿಚಿತ ಮುಖ ಸಿಕ್ಕಿತು, ದಾದಿಯರಿಗೆ ತಮ್ಮ ವಿವೇಕವನ್ನು ಬಳಸುವ ಸ್ವಾತಂತ್ರ್ಯ ಸಿಕ್ಕಿತು. ಮೆನ್ಜೀಸ್ ಗುರುತಿಸಿದ ಕಾಯಿಲೆಗೆ ಇದು ಒಂದು ಮದ್ದು.

ಇದೆಲ್ಲ ಪರದೇಶದ ಹೊಸ ವಿಚಾರ ಎಂದು ನಾವು ಬದಿಗಿಡಬೇಕಾಗಿಲ್ಲ. ನಮ್ಮ ಇತಿಹಾಸದ ಬೀಮಾರಿಸ್ತಾನಗಳನ್ನು ನೆನೆಯೋಣ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಅಲ್ ಮನ್ಸೂರ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ಅವುಗಳಲ್ಲಿ ಪ್ರಸಿದ್ಧವಾದುದು. ತಾನು ಕಾಯಿಲೆ ಬಿದ್ದಾಗ ಡಮಾಸ್ಕಸ್‌ನ ನೂರುದ್ದೀನ್ ಆಸ್ಪತ್ರೆಯ ಔಷಧಿಯಿಂದ ಗುಣಮುಖನಾಗಿ, ಅಂತಹುದೊಂದನ್ನು ಕಟ್ಟಿಸುವ ಹರಕೆ ಹೊತ್ತಿದ್ದನೆಂದು ಚರಿತ್ರಕಾರರು ದಾಖಲಿಸಿದ್ದಾರೆ. ಅಲ್ಲಿ ರೋಗಕ್ಕೆ ತಕ್ಕಂತೆ ವಿಭಾಗಗಳಿದ್ದವು. ರೋಗಿಗಳ ಸೇವೆಗೆ ಪುರುಷ ಮತ್ತು ಮಹಿಳಾ ಪರಿಚಾರಕರಿದ್ದರು. ನಾವು ವಿಶೇಷವಾಗಿ ಗಮನಿಸಬೇಕಾದುದೇನೆಂದರೆ, ಆ ಪರಿಚಾರಕರ ವೇತನವು ವಕ್ಫ್‌ನ ಆದಾಯದಿಂದಲೇ ಸಲ್ಲುತ್ತಿತ್ತು. ಔಷಧಿ, ಆಹಾರ, ಹಾಸಿಗೆಗಳಂತೆಯೇ ಸೇವೆ ಮಾಡುವವರ ಜೀವನೋಪಾಯವೂ ದಾನದ ಉದ್ದೇಶಗಳಲ್ಲಿ ಒಂದಾಗಿತ್ತು. ಕಟ್ಟಡ ಕಟ್ಟಿ ಕೈತೊಳೆದುಕೊಳ್ಳುವುದು ಆ ದಾನಿಗಳ ರೀತಿಯಾಗಿರಲಿಲ್ಲ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮೀರಿದವರು 10 ಕೋಟಿಗೂ ಹೆಚ್ಚು. ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು ಗಲ್ಫ್‌ನಿಂದ ಬ್ರಿಟನ್‌ವರೆಗೆ ಪರರ ತಂದೆ-ತಾಯಿಯರ ಸೇವೆಯಲ್ಲಿದ್ದಾರೆ. ಇತ್ತ ನಮ್ಮ ಊರುಗಳಲ್ಲಿ ವೃದ್ಧಾಶ್ರಮ, ಉಪಶಮನ ಕೇಂದ್ರಗಳನ್ನು ತೆರೆಯಲು ಟ್ರಸ್ಟುಗಳು ಉತ್ಸಾಹದಿಂದ ಮುಂದೆ ಬರುತ್ತಿವೆ. ಇದು ಸಂತೋಷದ ಸಂಗತಿ. ಆದರೆ ಕಟ್ಟಡಕ್ಕೆ, ಆಂಬುಲೆನ್ಸ್‌ಗೆ, ಮಂಚಕ್ಕೆ ದಾನಿಗಳು ಸಿಗುತ್ತಾರೆ. ಅವುಗಳ ಮೇಲೆ ಹೆಸರು ಬರೆಸಬಹುದು. ರಾತ್ರಿ ಪಾಳಿಗೆ ಇನ್ನೊಬ್ಬ ದಾದಿಯ ಸಂಬಳ ಕೊಡುವ ದಾನಿ ಸಿಗುವುದು ಕಷ್ಟ. ‘ಸೇವಾ ಮನೋಭಾವ ಇರಬೇಕು’ ಎಂಬ ಮಾತನ್ನು ನಾವು ಬಹಳ ಸಲ ಕಡಿಮೆ ಸಂಬಳ ಕೊಡಲು ನೆಪವಾಗಿ ಬಳಸುತ್ತೇವೆ. ಕಾರ್ಮಿಕನ ಬೆವರಾರುವ ಮೊದಲು ಕೂಲಿ ಕೊಡಬೇಕೆಂದು ಬಲ್ಲ ನಾವು, ಸೇವೆಯ ಹೆಸರಿನಲ್ಲಿ ಆ ಕೂಲಿಯನ್ನೇ ಕುಗ್ಗಿಸಬಹುದೇ?

ಆದ್ದರಿಂದ ಇಂತಹ ಸಂಸ್ಥೆಗಳ ಹೊಣೆ ಹೊತ್ತವರು ಕೆಲವು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಬೇಕು. ಒಂದು ಪಾಳಿಯಲ್ಲಿ ಭಾರ ಎತ್ತಲು ಇಬ್ಬರಾದರೂ ಇದ್ದಾರೆಯೇ? ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ನಿಂತು ವಿವರಿಸಲು ಹದಿನೈದು ನಿಮಿಷದ ಬಿಡುವಿದೆಯೇ? ದಾದಿಗೆ ಕುಳಿತು ಊಟ ಮಾಡಲು, ನಮಾಝ್ ಅಥವಾ ಪ್ರಾರ್ಥನೆ ಮಾಡಲು, ಒಂದು ಗಳಿಗೆ ಕಣ್ಣು ಮುಚ್ಚಲು ಜಾಗವಿದೆಯೇ? ವರ್ಷಗಟ್ಟಲೆ ನೋಡಿಕೊಂಡ ವೃದ್ಧರು ತೀರಿಕೊಂಡ ದಿನ ಅವರ ಕಣ್ಣೀರಿಗೆ ಯಾರಾದರೂ ಕಿವಿಯಾಗುತ್ತಾರೆಯೇ? ತಪ್ಪು ಕಂಡಾಗ ಕೆಲಸ ಹೋಗುವ ಭಯವಿಲ್ಲದೆ ಹೇಳುವ ದಾರಿಯಿದೆಯೇ? ನೆಲ ಒರೆಸುವ ಆಯಾಳ ಮಾತಿಗೂ ಸಭೆಯಲ್ಲಿ ಬೆಲೆಯಿದೆಯೇ? ಎಷ್ಟೋ ಸಲ ಮುದುಕರು ಊಟ ಬಿಟ್ಟದ್ದನ್ನು ಮೊದಲು ಗಮನಿಸುವವಳು ಅವಳೇ ಅಲ್ಲವೇ?

ಇದು ಸಂಸ್ಥೆಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ. ನಮ್ಮ ಬಹುಪಾಲು ವೃದ್ಧರ ಆರೈಕೆ ನಡೆಯುವುದು ಮನೆಗಳಲ್ಲಿ. ಅಲ್ಲಿಯೂ ಭಾರವು ಹೆಚ್ಚಾಗಿ ಒಬ್ಬ ಸೊಸೆಯ ಅಥವಾ ಮಗಳ ಹೆಗಲಿಗೆ ಬೀಳುತ್ತದೆ. ಗಂಡುಮಕ್ಕಳು ಔಷಧಿಯ ಹಣ ಕೊಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಸಂಬಂಧಿಕರು ಬಂದು ಚಹಾ ಕುಡಿದು, ‘ನಿನಗೆ ದೊಡ್ಡ ಪುಣ್ಯವಿದೆ’ ಎಂದು ಹೇಳಿ ಹೋಗುತ್ತಾರೆ. ಪುಣ್ಯವಿರುವುದು ನಿಜವಾದರೆ ಅದರಲ್ಲಿ ಪಾಲು ಪಡೆಯಲು ಉಳಿದವರು ಹಿಂಜರಿಯುವುದೇಕೆ? ವಾರಕ್ಕೆ ಎರಡು ರಾತ್ರಿ ಮಗ ತಂದೆಯ ಪಕ್ಕದಲ್ಲಿ ಮಲಗಿದರೆ, ತಿಂಗಳಿಗೆ ನಾಲ್ಕು ದಿನ ಇನ್ನೊಬ್ಬ ಮಗಳು ಬಂದು ನಿಂತರೆ, ಆ ಮನೆಯೂ ಒಂದು ತಂಡವಾಗುತ್ತದೆ.

ಬಡವರ ಮನೆಯ ಕತ್ತಲೆಯಿಂದ ಇಂದಿನವರೆಗಿನ ಚರಿತ್ರೆಯನ್ನು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸೇವೆ ಮಾಡುವವರನ್ನು ಅಗ್ಗವಾಗಿ ಕಂಡ ಕಡೆಯಲ್ಲೆಲ್ಲ ವೃದ್ಧರೂ ಅಗ್ಗವಾದರು. ಸೇವೆ ಮಾಡುವವರನ್ನು ಒಟ್ಟುಗೂಡಿಸಿ, ಗೌರವಿಸಿ, ಅವರ ಮಾತಿಗೆ ಕಿವಿಗೊಟ್ಟ ಕಡೆಯಲ್ಲಿ ಹಾಸಿಗೆ ಹಿಡಿದವರೂ ಎದ್ದು ಕುಳಿತರು. ನಾವೂ ಒಂದು ದಿನ ಆ ಹಾಸಿಗೆಯಲ್ಲಿ ಮಲಗಲಿರುವವರು. ಅಂದು ನಮ್ಮನ್ನು ಮಗ್ಗುಲು ಬದಲಿಸುವ ಕೈ ದಣಿದು ಒರಟಾಗಿರಬೇಕೇ, ಮೃದುವಾಗಿರಬೇಕೇ ಎಂಬುದು ಇಂದು ನಾವು ಆ ಕೈಯನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದರ ಮೇಲೆ ನಿಂತಿದೆ.